ಸ್ಕೂಟರ್ ಹತ್ತದೆ ನಿದ್ದೆ ಬಾರದು

ಕಳೆದ ವರ್ಷ ಜೂನ್ ಮೊದಲ ವಾರ. ಉಡುಪಿಯಲ್ಲಿ ಮಳೆ ಹಿಡಿಯಿತು. ಕುಂಜಿಬೆಟ್ಟಿನ ನಮ್ಮ ಪಕ್ಕದ ಮನೆಯವರಿಗೆ ಕಷ್ಟ ಶುರುವಾದದ್ದೂ ಅಂದೇ.

ಅವರ ಮಗನಿಗೆ ಎರಡೂವರೆ ವರ್ಷ. ಸ್ಕೂಟರ್ ಹತ್ತಿಸಿದರೆ ಮಾತ್ರ ಅವನಿಗೆ ನಿದ್ದೆ. ರಾತ್ರಿ ಹತ್ತೂವರೆಗೆ ಅಪ್ಪ ಮುಂದೆ, ಅಮ್ಮ ಹಿಂದೆ, ನಡುವೆ ಈ ಮಹಾರಾಯ. ಇಂದ್ರಾಳಿ ದಾಟಿ, ಮಣಿಪಾಲದ ಟೈಗರ್ ಸರ್ಕಲ್ ಸುತ್ತಿ ವಾಪಸ್ ಬರುವಷ್ಟರಲ್ಲಿ ತಲೆ ವಾಲಿರುತ್ತಿತ್ತು. ಆಮೇಲೆ ಮೊಟ್ಟೆ ಬುಟ್ಟಿ ಹಿಡಿದ ಹಾಗೆ ಅವನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಬೇಕು. ಗೇಟು ಕಿರ್ ಅನ್ನಬಾರದು, ನಾಯಿ ಬೊಗಳಬಾರದು. ಹಾಸಿಗೆಗೆ ಇಳಿಸಿ ಎರಡು ನಿಮಿಷ ಉಸಿರು ಬಿಗಿಹಿಡಿದು ನಿಲ್ಲಬೇಕು. ಇಷ್ಟೆಲ್ಲ ಮಾಡಿದರೂ ಒಂದೂವರೆಗೆ ಹುಡುಗ ಎದ್ದು ಕೂರುತ್ತಿದ್ದ. "ಗಾಡಿ!"

ಒಮ್ಮೆ ರಾತ್ರಿ ಬೀಟಿನ ಪೊಲೀಸರು ತಡೆದು, ಈ ಹೊತ್ತಲ್ಲಿ ಎಲ್ಲಿಗೆ ಅಂತ ಕೇಳಿದರಂತೆ. "ಎಲ್ಲಿಗೂ ಇಲ್ಲ ಸರ್, ಮಗುವನ್ನು ಮಲಗಿಸ್ಲಿಕ್ಕೆ" ಅಂದರಂತೆ ಅಪ್ಪ. ಅವರ ಮನೆಯಲ್ಲೂ ಸಣ್ಣ ಮಗು ಇತ್ತೋ ಏನೋ, ನಕ್ಕು ಬಿಟ್ಟುಕಳಿಸಿದರು. (ನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೈಕಿನಲ್ಲಿ ಕರೆದೊಯ್ಯುವಾಗ ಹೆಲ್ಮೆಟ್ಟೂ ಬೆಲ್ಟೂ ಬೇಕೆಂದು ಕೇಂದ್ರ ಸರ್ಕಾರ 2022ರಲ್ಲೇ ನಿಯಮ ಮಾಡಿದೆ. ಆ ಹೊತ್ತಲ್ಲಿ ಅದು ಯಾರಿಗೂ ನೆನಪಾಗಲಿಲ್ಲ.)

ಮಳೆ ಬಂತು, ಸ್ಕೂಟರ್ ನಿಂತಿತು. ಹುಡುಗ ಹನ್ನೆರಡರವರೆಗೆ ಅಳತೊಡಗಿದ. ಅಜ್ಜಿ "ದೃಷ್ಟಿ ತಾಗಿದೆ" ಅಂತ ಉಪ್ಪು, ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಯಾರೋ ನೂಲು ಕಟ್ಟಿಸಿ ಅಂದರು. ಇನ್ಯಾರೋ ಶೀತದ ಸಿರಪ್ ಅರ್ಧ ಚಮಚ ಕೊಟ್ಟುನೋಡಿ ಅಂದರು. ಕೊನೆಗೆ ಮೊಬೈಲ್ ಬಂತು. ಆರೋಗ್ಯದ ಬಗ್ಗೆ ಬರೆಯುತ್ತೇನೆ ಅನ್ನುವ ಒಂದೇ ಕಾರಣಕ್ಕೆ ಅವರು ನನ್ನ ಬಾಗಿಲನ್ನೂ ತಟ್ಟಿದರು. "ಇವನಿಗೆ ಎಂತ ಆಗಿದೆ ಮಾರಾಯ್ರೆ?"

ಅವನಿಗೆ ಏನೂ ಆಗಿರಲಿಲ್ಲ. ಕಲಿಸಿದ್ದನ್ನು ಚೆನ್ನಾಗಿ ಕಲಿತಿದ್ದ, ಅಷ್ಟೇ.

ಬಸ್ಸು ನಿಂತರೆ ಎಚ್ಚರ

ರಾತ್ರಿಯಿಡೀ ಒಂದೇ ಸಮ ನಿದ್ದೆ ಮಾಡುವ ಮಗು ಎಲ್ಲೂ ಇಲ್ಲ. ದೊಡ್ಡವರೂ ಹಾಗೆ ಮಾಡುವುದಿಲ್ಲ. ನಿದ್ದೆ ಸುತ್ತು ಸುತ್ತಾಗಿ ಬರುತ್ತದೆ. ದೊಡ್ಡವರಿಗೆ ಒಂದು ಸುತ್ತು ಸುಮಾರು 90 ನಿಮಿಷ. ಶಿಶುಗಳಿಗೆ 50ರಿಂದ 60 ನಿಮಿಷ, ಬೆಳೆದ ಹಾಗೆ ಅದು ಉದ್ದವಾಗುತ್ತದೆ. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಎಲ್ಲರಿಗೂ ಅರೆಬರೆ ಎಚ್ಚರವಾಗುತ್ತದೆ. ನಾವು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ. ಬೆಳಿಗ್ಗೆ ಅದು ನೆನಪೂ ಇರುವುದಿಲ್ಲ.

ಮಂಗಳೂರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋದವರಿಗೆ ಇದು ಗೊತ್ತು. ಶಿರಾಡಿ ಘಾಟಿಯ ಅಷ್ಟೂ ತಿರುವುಗಳಲ್ಲಿ ಗೊರಕೆ ಹೊಡೆದವರು, ಚಾ ಕುಡಿಯಲು ಬಸ್ಸು ನಿಂತ ಕೂಡಲೇ ಕಣ್ಣುಬಿಡುತ್ತಾರೆ. ಸದ್ದು ಎಬ್ಬಿಸಲಿಲ್ಲ, ಸದ್ದು ನಿಂತದ್ದು ಎಬ್ಬಿಸಿತು. ಕಣ್ಣು ಮುಚ್ಚುವಾಗ ಇದ್ದ ಒಂದು ವಸ್ತು ಈಗ ಇಲ್ಲ ಅಂತ ಮಿದುಳಿಗೆ ಗೊತ್ತಾಯಿತು.

ಮಗುವಿಗೂ ಇದೇ ಆಗುವುದು. ಅದು ಏನನ್ನು ಹಿಡಿದು ನಿದ್ದೆಗೆ ಜಾರುತ್ತದೋ, ನಡುರಾತ್ರಿ ಎಚ್ಚರವಾದಾಗ ಅದನ್ನೇ ಹುಡುಕುತ್ತದೆ. ಸ್ಕೂಟರಿನಲ್ಲಿ ಕಣ್ಣು ಮುಚ್ಚಿದವನು ಹಾಸಿಗೆಯಲ್ಲಿ ಕಣ್ಣುಬಿಟ್ಟರೆ ಗಾಬರಿಯಾಗದೆ ಇರುತ್ತದೆಯೇ? ಸ್ಕೂಟರ್ ಜಾಗದಲ್ಲಿ ಏನು ಬೇಕಾದರೂ ಇರಬಹುದು. ಎದೆಹಾಲು, ಬಾಟಲಿ, ಸೀರೆಯ ಜೋಲಿ, ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ನಡೆಯುವುದು, ಮೊಬೈಲಿನ ಕಾರ್ಟೂನು. ಇದನ್ನು 'ನಿದ್ದೆಯ ಜೊತೆ' ಅನ್ನೋಣ.

ಜೊತೆ ಇರುವುದು ತಪ್ಪಲ್ಲ. ನಾನು ಐದು ವರ್ಷದವರೆಗೂ ಅಜ್ಜಿಯ ಸೀರೆಯ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡೇ ಮಲಗುತ್ತಿದ್ದೆ. ಅಜ್ಜಿ ಎದ್ದು ಹೋದರೂ ಹಳೆಯ ಸೀರೆಯ ತುಂಡೊಂದು ಕೈಯಲ್ಲಿರುತ್ತಿತ್ತು. ರಾತ್ರಿ ಎರಡು ಗಂಟೆಗೂ ಅದು ಅಲ್ಲೇ ಇರುತ್ತಿತ್ತು, ಯಾರನ್ನೂ ಎಬ್ಬಿಸಬೇಕಾಗಿರಲಿಲ್ಲ. ವ್ಯತ್ಯಾಸ ಇರುವುದು ಇಲ್ಲೇ. ಮಗುವಿಗೆ ಜೊತೆ ಬೇಕೋ ಬೇಡವೋ ಅನ್ನುವುದು ಪ್ರಶ್ನೆಯೇ ಅಲ್ಲ. ಆ ಜೊತೆ ನಡುರಾತ್ರಿಯೂ ಮಗುವಿನ ಕೈಗೆ ಸಿಗುತ್ತದೆಯೇ ಅನ್ನುವುದು ಪ್ರಶ್ನೆ.

ಇನ್ನೊಂದು ಬಗೆಯ ಮಕ್ಕಳಿದ್ದಾರೆ. ಇವರಿಗೆ ನಿದ್ದೆ ಬರುತ್ತದೆ, ಮಲಗಲು ಮನಸ್ಸಿಲ್ಲ. ದೀಪ ಆರಿಸಿದ ಮೇಲೆ ಬಾಯಾರಿಕೆ ಆಗುತ್ತದೆ. ನೀರು ಕುಡಿದರೆ ಉಚ್ಚೆ ಬರುತ್ತದೆ. ಬಂದು ಮಲಗಿದರೆ ಇನ್ನೊಂದು ಕಥೆ ಬೇಕು. ಕಥೆ ಮುಗಿದರೆ ಅಜ್ಜನಿಗೆ ಗುಡ್‌ನೈಟ್ ಹೇಳಿಲ್ಲ. ಮೂರು ವರ್ಷದ ಮಗುವಿನ ವಕೀಲಿಕೆ ಮುಂದೆ ಯಾವ ತಾಯಿಯೂ ಗೆದ್ದಿಲ್ಲ. ಇಲ್ಲಿ ತಪ್ಪಿರುವುದು ಗಡಿ. ಎಲ್ಲಿ ನಿಲ್ಲಬೇಕು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಹಾಗಾಗಿ ಮಗುವಿಗೂ ಗೊತ್ತಿಲ್ಲ. ವೈದ್ಯರು ಈ ಎರಡನ್ನೂ ಸೇರಿಸಿ ವರ್ತನೆಯಿಂದ ಬರುವ ನಿದ್ದೆಯ ತೊಂದರೆ ಅನ್ನುತ್ತಾರೆ. ಹೆಚ್ಚಿನ ಮಕ್ಕಳಲ್ಲಿ ಎರಡೂ ಸ್ವಲ್ಪ ಸ್ವಲ್ಪ ಇರುತ್ತದೆ.

ಎಷ್ಟು ನಿದ್ದೆ ಬೇಕು?

ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ಕೊಟ್ಟ ಲೆಕ್ಕ ಹೀಗಿದೆ. 4ರಿಂದ 12 ತಿಂಗಳ ಮಗುವಿಗೆ ದಿನಕ್ಕೆ 12ರಿಂದ 16 ಗಂಟೆ. ಒಂದರಿಂದ ಎರಡು ವರ್ಷಕ್ಕೆ 11ರಿಂದ 14. ಮೂರರಿಂದ ಐದಕ್ಕೆ 10ರಿಂದ 13. ಇದರಲ್ಲಿ ಹಗಲು ನಿದ್ದೆಯೂ ಸೇರಿದೆ. ಇದನ್ನು ಮರೆತು ರಾತ್ರಿಯೇ 12 ಗಂಟೆ ಮಲಗಿಸಲು ಹೋಗಿ ಸೋಲುವವರು ಜಾಸ್ತಿ.

2010ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆ 17 ದೇಶ, ಪ್ರದೇಶಗಳ 29,287 ಮಕ್ಕಳ ನಿದ್ದೆಯನ್ನು ನೋಡಿತು. ಮೂರು ವರ್ಷದೊಳಗಿನ ಮಕ್ಕಳು. ಭಾರತವೂ ಅದರಲ್ಲಿತ್ತು. ನ್ಯೂಜಿಲೆಂಡಿನ ಮಕ್ಕಳು ಸರಾಸರಿ ಏಳೂವರೆಗೆ ಮಲಗುತ್ತಿದ್ದರು, ಹಾಂಗ್‌ಕಾಂಗಿನವರು ಹತ್ತೂಕಾಲಿಗೆ. ಏಷ್ಯಾದ ಮಕ್ಕಳು ಒಟ್ಟಾರೆ ತಡವಾಗಿ ಮಲಗುತ್ತಿದ್ದರು, ಕಡಿಮೆ ಮಲಗುತ್ತಿದ್ದರು. ನನಗೆ ಅದಕ್ಕಿಂತ ಕುತೂಹಲ ಅನ್ನಿಸಿದ್ದು ಬೇರೆ. ನಿಮ್ಮ ಮಗುವಿಗೆ ನಿದ್ದೆಯ ತೊಂದರೆ ಇದೆಯೇ ಅಂತ ಕೇಳಿದಾಗ ಹೌದು ಅಂದವರು ಥಾಯ್ಲೆಂಡಿನಲ್ಲಿ ನೂರಕ್ಕೆ 11, ಚೀನಾದಲ್ಲಿ 76. ಅಂದರೆ ತೊಂದರೆ ಅನ್ನುವುದು ಅರ್ಧ ಮಗುವಿನಲ್ಲಿದೆ, ಅರ್ಧ ಮನೆಯವರ ನಿರೀಕ್ಷೆಯಲ್ಲಿದೆ.

ಹಾಗಾಗಿ ಪಕ್ಕದ ಮನೆಯ ಮಗು ಎಂಟಕ್ಕೆ ಮಲಗುತ್ತದೆ ಅಂತ ತಲೆ ಕೆಡಿಸಿಕೊಳ್ಳುವುದು ಸುಮ್ನೆ. ಹಗಲು ಮಗು ಚುರುಕಾಗಿದ್ದರೆ, ಬೆಳಿಗ್ಗೆ ಎಬ್ಬಿಸುವಾಗ ಯುದ್ಧ ನಡೆಯದಿದ್ದರೆ, ಮನೆಯ ದೊಡ್ಡವರಿಗೂ ಸಾಕಷ್ಟು ನಿದ್ದೆ ಸಿಗುತ್ತಿದ್ದರೆ ಏನನ್ನೂ ಬದಲಿಸಬೇಕಾಗಿಲ್ಲ. ಅಮ್ಮನ ಪಕ್ಕ ಮಲಗುವುದೂ ರೋಗವಲ್ಲ. ಪಾಶ್ಚಾತ್ಯರ ಸಲಹೆಗಳಲ್ಲಿ ಮಗುವಿಗೆ ಬೇರೆ ಕೋಣೆ ಇರುತ್ತದೆ. ನಮ್ಮಲ್ಲಿ ನಾಲ್ಕು ಜನಕ್ಕೆ ಒಂದೇ ಕೋಣೆ, ಒಂದೇ ಫ್ಯಾನು. "ಮಗುವನ್ನು ಅದರ ಕೋಣೆಯಲ್ಲಿ ಬಿಟ್ಟು ಬನ್ನಿ" ಅನ್ನುವ ಸಲಹೆಯನ್ನು ಓದಿ, ಇದು ನಮಗಲ್ಲ ಅಂತ ಎಷ್ಟೋ ಜನ ಪುಟ ಮುಚ್ಚಿಬಿಡುತ್ತಾರೆ. ಅದು ನಷ್ಟ. ಯಾಕೆಂದರೆ ಒಳಗಿನ ತತ್ವಕ್ಕೆ ಬೇರೆ ಕೋಣೆ ಬೇಕಾಗಿಯೇ ಇಲ್ಲ. (ವರ್ಷದೊಳಗಿನ ಕೂಸಿಗೆ ಮಾತ್ರ ಬೇರೆ ಮಾತು. ಅದು ಅದೇ ಕೋಣೆಯಲ್ಲಿ, ತನ್ನದೇ ಗಟ್ಟಿ ಹಾಸಿಗೆಯಲ್ಲಿ, ಅಂಗಾತ ಮಲಗುವುದು ಒಳ್ಳೆಯದು. ಕುಡಿದವರ, ಬೀಡಿ ಸಿಗರೇಟು ಸೇದುವವರ ಪಕ್ಕ ಮಲಗಿಸಲೇಬಾರದು.)

ನಮ್ಮ ಸೂರ್ಯ ಅರ್ಧ ಗಂಟೆ ಲೇಟು

ಕರಾವಳಿಯಲ್ಲಿ ಮಕ್ಕಳು ತಡವಾಗಿ ಮಲಗುವುದಕ್ಕೆ ನಮ್ಮದೇ ಕೆಲವು ಕಾರಣಗಳಿವೆ. ಮೊದಲನೆಯದು ಆಕಾಶದಲ್ಲೇ ಇದೆ.

ಭಾರತದ ಗಡಿಯಾರ ನಡೆಯುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಉಡುಪಿ ಇರುವುದು ಸುಮಾರು 74.75 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷ. ಅಲ್ಲಿಗೆ ನಮ್ಮ ಸೂರ್ಯ ಗಡಿಯಾರಕ್ಕಿಂತ 31 ನಿಮಿಷ ಹಿಂದೆ. ಗೋಡೆಯ ಗಡಿಯಾರದಲ್ಲಿ ಎಂಟಾದಾಗ ಆಕಾಶದ ಲೆಕ್ಕದಲ್ಲಿ ಏಳೂವರೆ. ಜೂನ್ ಕೊನೆಗೆ ಮಲ್ಪೆಯಲ್ಲಿ ಸೂರ್ಯ ಮುಳುಗುವುದೇ ಏಳು ಗಂಟೆ ಹೊತ್ತಿಗೆ. ಮಿದುಳಿನೊಳಗಿನ ಗಡಿಯಾರ ಬೆಳಕನ್ನು ನೋಡಿ ನಡೆಯುತ್ತದೆ. ಕತ್ತಲಾದ ಮೇಲೆ ಮೆಲಟೋನಿನ್ ಅನ್ನುವ ಹಾರ್ಮೋನು ಏರಿದರೆ ಅದು ನಿದ್ದೆಯ ಸಂಕೇತ. ಶಾಲೆಯ ವ್ಯಾನು ಮಾತ್ರ ಮಿರ್ಜಾಪುರದ ಲೆಕ್ಕದಲ್ಲೇ ಬರುತ್ತದೆ. ಮೌಲಿಕ್ ಜಗನಾನಿ ಅನ್ನುವ ಅರ್ಥಶಾಸ್ತ್ರಜ್ಞ ಭಾರತದ ಶಾಲಾ ಮಕ್ಕಳ ದಿನಚರಿಯ ಅಂಕಿಅಂಶ ಇಟ್ಟುಕೊಂಡು ಇದನ್ನೇ ಲೆಕ್ಕ ಹಾಕಿದ್ದಾರೆ. ಸೂರ್ಯ ಒಂದು ಗಂಟೆ ತಡವಾಗಿ ಮುಳುಗುವ ಕಡೆ ಮಕ್ಕಳ ನಿದ್ದೆ ಸುಮಾರು ಅರ್ಧ ಗಂಟೆ ಕಡಿಮೆ. ಮಲಗುವುದು ತಡವಾಗುತ್ತದೆ, ಏಳುವುದು ತಡವಾಗುವ ಹಾಗಿಲ್ಲ.

ಸೂರ್ಯನನ್ನು ಬದಲಿಸಲು ಆಗುವುದಿಲ್ಲ. ಟ್ಯೂಬ್‌ಲೈಟನ್ನು ಬದಲಿಸಬಹುದು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು 2018ರಲ್ಲಿ ಶಾಲೆಗೆ ಸೇರುವ ಮುಂಚಿನ ವಯಸ್ಸಿನ 10 ಮಕ್ಕಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಮಲಗುವ ಮುಂಚೆ ಒಂದು ಗಂಟೆ ಪ್ರಖರ ಬೆಳಕಿನಲ್ಲಿ ಆಡಿಸಿದಾಗ ಮೆಲಟೋನಿನ್ ನೂರಕ್ಕೆ 88ರಷ್ಟು ಕುಸಿಯಿತು. ಬೆಳಕು ತೆಗೆದು 50 ನಿಮಿಷ ಕಳೆದರೂ ಹೆಚ್ಚಿನ ಮಕ್ಕಳಲ್ಲಿ ಅದು ಮೇಲೇರಿರಲಿಲ್ಲ. ಸಣ್ಣ ಪ್ರಯೋಗ, ನಿಜ. ಆದರೆ ಮಕ್ಕಳ ಕಣ್ಣಿಗೆ ದೊಡ್ಡವರ ಕಣ್ಣಿಗಿಂತ ಜಾಸ್ತಿ ಬೆಳಕು ಇಳಿಯುತ್ತದೆ ಅನ್ನುವುದು ಗೊತ್ತಿರುವ ವಿಷಯವೇ. ಊಟದ ನಂತರ ನಡುಮನೆಯ ಬಿಳಿ ಎಲ್‌ಇಡಿ ಆರಿಸಿ ಹಳದಿ ಝೀರೋ ಬಲ್ಬ್ ಹಾಕುವುದಕ್ಕೆ ಖರ್ಚು ಎಷ್ಟು? ಮಳೆಗಾಲದಲ್ಲಿ ಕರೆಂಟು ಹೋದ ಸಂಜೆ ಮಕ್ಕಳು ಎಂಟೂವರೆಗೇ ತೂಕಡಿಸುವುದನ್ನು ನೀವೂ ನೋಡಿರಬಹುದು. ಇನ್ವರ್ಟರ್ ಇಲ್ಲದ ಮನೆಗಳಲ್ಲಿ ಅಂತ ಸೇರಿಸಬೇಕು.

ಎರಡನೆಯದು ಸಂಜೆ ನಿದ್ದೆ. ಎಲ್‌ಕೆಜಿಯಿಂದ ಬಂದ ಮಗು ಊಟ ಮಾಡಿ ಆಡಿ ನಾಲ್ಕಕ್ಕೆ ಮಲಗುತ್ತದೆ. ಅಜ್ಜಿಗೆ ಪಾಪ ಅನ್ನಿಸಿ ಆರರವರೆಗೆ ಎಬ್ಬಿಸುವುದಿಲ್ಲ. ನಿದ್ದೆಯ ಹಸಿವು ದಿನವಿಡೀ ಎಚ್ಚರವಿದ್ದಂತೆ ಏರುತ್ತಾ ಹೋಗಬೇಕು. ಸಂಜೆ ಎರಡು ಗಂಟೆ ಮಲಗಿದರೆ ಐದಕ್ಕೆ ಮಸಾಲೆ ದೋಸೆ ತಿಂದು ಏಳಕ್ಕೆ ಊಟಕ್ಕೆ ಕೂತ ಹಾಗೆ. ಆ ಮಗು ಒಂಬತ್ತಕ್ಕೆ ಮಲಗಲಿಲ್ಲ ಅಂತ ಬೈಯುವುದು ನ್ಯಾಯವಲ್ಲ, ಅಲ್ವಾ? ಮುಸ್ಸಂಜೆ ಹೊತ್ತು ಮಲಗಬಾರದು ಅಂತ ಹಿಂದಿನವರು ಹೇಳಿದ್ದು ಲಕ್ಷ್ಮಿ ಬರುವ ಹೊತ್ತು ಅಂತ. ಕಾರಣ ಏನೇ ಇರಲಿ, ಆ ನಿಯಮ ಮಾತ್ರ ಸರಿ. ಹಗಲು ನಿದ್ದೆ ಮೂರರೊಳಗೆ ಮುಗಿದರೆ ಚೆನ್ನ. ಸಂಜೆಯ ಚಾವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಿಸ್ಕತ್ತು ಅದ್ದಿ ತಿನ್ನುವ ಅರ್ಧ ಲೋಟ ಚಾದಲ್ಲೂ ಕೆಫೀನ್ ಇದೆ, ಸಣ್ಣ ದೇಹಕ್ಕೆ ಅದು ಸಣ್ಣದಲ್ಲ.

ಮೂರನೆಯದನ್ನು ಹೇಳಲು ಸ್ವಲ್ಪ ಸಂಕೋಚ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಪ್ಪ ಇರುವುದು ಗಲ್ಫಿನಲ್ಲಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ, ಕತಾರ್, ಕುವೈತ್ ಎರಡೂವರೆ ಗಂಟೆ ಹಿಂದೆ. ಅಲ್ಲಿ ಎಂಟಕ್ಕೆ ಕೆಲಸ ಮುಗಿಸಿ ರೂಮಿಗೆ ಬಂದ ಅಪ್ಪ ವಿಡಿಯೋ ಕಾಲ್ ಮಾಡಿದರೆ ಇಲ್ಲಿ ಒಂಬತ್ತೂವರೆ, ಇಲ್ಲವೇ ಹತ್ತೂವರೆ. ದಿನವಿಡೀ ಕಾದ ಕಾಲ್ ಅದು. ಮಗು ಕುಣಿಯುತ್ತದೆ, ಅಪ್ಪನೂ ನಗಿಸುತ್ತಾರೆ. ಇಟ್ಟ ಮೇಲೆ ಒಂದು ಗಂಟೆ ನಿದ್ದೆ ಇಲ್ಲ. ಈ ಕಾಲ್ ಬೇಡ ಅನ್ನುವ ಧೈರ್ಯ ನನಗಿಲ್ಲ, ಅನ್ನಲೂಬಾರದು. ವಿಡಿಯೋ ಕಾಲನ್ನು ಮಕ್ಕಳ ತಜ್ಞರೂ ಬೇರೆ ಸ್ಕ್ರೀನುಗಳ ಲೆಕ್ಕಕ್ಕೆ ಸೇರಿಸುವುದಿಲ್ಲ. ಆದರೆ ಹೊತ್ತು ಬದಲಿಸಬಹುದು. ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೊರಡುವ ಮುಂಚೆ ಮಾತಾಡಬಹುದು. ಅಥವಾ ರಾತ್ರಿಯ ಕಾಲನ್ನೇ ಮಲಗಿಸುವ ಕ್ರಮದ ಭಾಗ ಮಾಡಬಹುದು. ಬ್ರೈಟ್‌ನೆಸ್ ಇಳಿಸಿ, ಹಾಸಿಗೆಯಲ್ಲಿ ಮಲಗಿಕೊಂಡು, ಅಪ್ಪ ಅಲ್ಲಿಂದ ಒಂದು ಕಥೆ ಹೇಳುವುದು. ಕುಣಿಸುವುದು ಬೇಡ.

ಕೃಷ್ಣನನ್ನು ಮಲಗಿಸುವ ಹಾಗೆ

ಉಡುಪಿ ಮಠದಲ್ಲಿ ಕಡೆಗೋಲು ಹಿಡಿದು ನಿಂತ ಬಾಲಕೃಷ್ಣನಿಗೆ ದಿನಕ್ಕೆ 14 ಪೂಜೆ. ಕೊನೆಯದು ಏಕಾಂತ ಸೇವೆ. ಅಂದರೆ ದೇವರನ್ನು ಮಲಗಿಸುವುದು. ರಾತ್ರಿ ಪೂಜೆ ಮುಗಿದ ಮೇಲೆ ಒಂದಾದ ಮೇಲೊಂದು ಸೇವೆ, ಕೊನೆಗೆ ಜೋಗುಳ, ಬಾಗಿಲು. ದಿನವೂ ಅದೇ ಸಾಲು. ಇವತ್ತು ಬಹಳ ಜನ ಬಂದಿದ್ದಾರೆ, ಕೃಷ್ಣ ಇನ್ನೊಂದು ಗಂಟೆ ಎಚ್ಚರವಿರಲಿ ಅಂತ ಯಾರೂ ಸಾಲನ್ನು ತಲೆಕೆಳಗು ಮಾಡುವುದಿಲ್ಲ.

ಮನೆಯ ಬಾಲಕೃಷ್ಣನಿಗೂ ಬೇಕಾದದ್ದು ಇದೇ. 405 ತಾಯಂದಿರು ಮತ್ತು ಅವರ ಮಕ್ಕಳ ಮೇಲೆ ನಡೆಸಿದ ಒಂದು ಅಧ್ಯಯನ 2009ರಲ್ಲಿ ಬಂತು. ಸ್ನಾನ, ಎಣ್ಣೆ ನೀವುವುದು, ಆಮೇಲೆ ಲಾಲಿ ಹಾಡೋ ಮುದ್ದು ಮಾಡುವುದೋ. ದಿನವೂ ಇದೇ ಮೂರು, ಇದೇ ಕ್ರಮದಲ್ಲಿ. ಎರಡೇ ವಾರದಲ್ಲಿ ಮಕ್ಕಳು ಬೇಗ ನಿದ್ದೆಗೆ ಜಾರತೊಡಗಿದರು, ರಾತ್ರಿ ಏಳುವುದು ಕಡಿಮೆಯಾಯಿತು, ತಾಯಂದಿರ ಮನಸ್ಸೂ ಹಗುರವಾಯಿತು. ಇದಕ್ಕೆ ಹಣ ಕೊಟ್ಟದ್ದು ಮಕ್ಕಳ ಎಣ್ಣೆ, ಸೋಪು ಮಾರುವ ಕಂಪನಿ ಅನ್ನುವುದನ್ನೂ ಹೇಳಬೇಕು. ಹಾಗಾಗಿ ಸೋಪಿನ ಮಹಿಮೆಯನ್ನು ಬದಿಗಿಟ್ಟು ಕ್ರಮವನ್ನು ಮಾತ್ರ ತೆಗೆದುಕೊಳ್ಳೋಣ. ಕೆಲಸ ಮಾಡುವುದು ಅದೇ. ಮೂರು ವರ್ಷದ ಮಗುವಿಗೆ ಗಡಿಯಾರ ಓದಲು ಬರುವುದಿಲ್ಲ. ಕೈಕಾಲು ತೊಳೆಯುವುದು, ಹಲ್ಲುಜ್ಜುವುದು, ಚಾಪೆ ಬಿಡಿಸುವುದು, ಸೊಳ್ಳೆಪರದೆ ಇಳಿಸುವುದು, ಒಂದೇ ಒಂದು ಕಥೆ. ಇದೇ ಅದರ ಗಡಿಯಾರ. ಒಟ್ಟು ಅರ್ಧ ಗಂಟೆ ಸಾಕು. ಬೇಸಿಗೆಯ ಸೆಕೆಗೆ ಉಗುರುಬೆಚ್ಚಗಿನ ನೀರಿನ ಸ್ನಾನ ಇನ್ನೂ ಒಳ್ಳೆಯದು.

ಕ್ರಮ ಇಟ್ಟರೂ ಮಗು ಮಲಗದಿದ್ದರೆ ಹೊತ್ತು ತಪ್ಪಿದೆ ಅಂತ ಅರ್ಥ. ಹನ್ನೊಂದಕ್ಕೆ ನಿದ್ದೆ ಬರುವ ಮಗುವನ್ನು ಒಂಬತ್ತಕ್ಕೆ ಹಾಸಿಗೆಗೆ ತಳ್ಳಿದರೆ ಎರಡು ಗಂಟೆ ಜಗಳ. ಹಾಸಿಗೆ ಅಂದರೆ ಜಗಳದ ಜಾಗ ಅಂತ ಅದು ಕಲಿಯುತ್ತದೆ. ಇದಕ್ಕೆ ಮದ್ದು ಕೇಳಲು ವಿಚಿತ್ರ: ಮೊದಲು ತಡವಾಗಿಯೇ ಮಲಗಿಸಿ. ಮಗು ನಿಜವಾಗಿ ನಿದ್ದೆಹೋಗುವ ಹೊತ್ತಿಗೇ ಹಾಸಿಗೆ ಹಾಸಿ, ಬೇಗ ನಿದ್ದೆ ಬರಲಿ. ಬೆಳಿಗ್ಗೆ ಮಾತ್ರ ರಜೆಯ ದಿನವೂ ಒಂದೇ ಹೊತ್ತಿಗೆ ಎಬ್ಬಿಸಿ, ಬಿಸಿಲಿಗೆ ಕರೆತನ್ನಿ. ಎರಡು ಮೂರು ದಿನಕ್ಕೊಮ್ಮೆ ರಾತ್ರಿಯ ಹೊತ್ತನ್ನು 15 ನಿಮಿಷ ಬೇಗ ಮಾಡಿ. ಬೆಳಿಗ್ಗೆಯ ಹೊತ್ತು ಗಟ್ಟಿಯಾದರೆ ರಾತ್ರಿಯದು ತಾನಾಗಿ ಹಿಂಬಾಲಿಸುತ್ತದೆ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡಿ ಸೋಲುತ್ತಾರೆ.

ನೀರು ಕೇಳುವ ವಕೀಲರಿಗೆ ಬೇರೆ ಉಪಾಯ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞರು 1999ರಲ್ಲಿ ಬರೆದದ್ದು, ನಮ್ಮ ಮಕ್ಕಳಿಗೆ ಬಸ್ ಪಾಸ್ ಅಂದರೆ ಅರ್ಥವಾಗುತ್ತದೆ. ಮೂರು ವರ್ಷ ದಾಟಿದ ಮಗುವಿಗೆ ಒಂದು ರಟ್ಟಿನ ಪಾಸ್ ಮಾಡಿಕೊಡಿ. ದೀಪ ಆರಿದ ಮೇಲೆ ಅದನ್ನು ಕೊಟ್ಟು ಒಂದು ಸಲ ಏಳಬಹುದು. ನೀರೋ, ಅಪ್ಪುಗೆಯೋ, ಅದರ ಇಷ್ಟ. ಪಾಸ್ ಕೊಟ್ಟ ಮೇಲೆ ಮುಗಿಯಿತು. ತಮಾಷೆ ಅಂದರೆ, ಕೆಲವು ಮಕ್ಕಳು ನಾಳೆಗೆ ಬೇಕಾಗುತ್ತದೆ ಅಂತ ಪಾಸನ್ನು ದಿಂಬಿನ ಕೆಳಗೆ ಉಳಿಸಿಕೊಂಡೇ ನಿದ್ದೆಹೋಗುತ್ತವೆ.

ಹನ್ನೊಂದು ರಾತ್ರಿ

ಪಕ್ಕದ ಮನೆಯವರು ಮಾಡಿದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಕೋಣೆ ಒಂದೇ. ಅಜ್ಜಿಯೂ ಅಲ್ಲೇ ಮಲಗುವುದು. ಹುಡುಗನನ್ನು ಒಂಟಿಯಾಗಿ ಬಿಡುವ ಮಾತೇ ಬರಲಿಲ್ಲ. ಬದಲಿಸಬೇಕಾದದ್ದು ಒಂದೇ, ಅವನು ಚಲನೆಯಿಲ್ಲದೆ ಕಣ್ಣು ಮುಚ್ಚುವುದನ್ನು ಕಲಿಯಬೇಕು.

ಸಂಜೆ ನಿದ್ದೆ ನಿಲ್ಲಿಸಿದರು. ಮಧ್ಯಾಹ್ನ ಒಂದರಿಂದ ಎರಡೂವರೆ, ಅಷ್ಟೇ. ಮೊದಲ ಎರಡು ರಾತ್ರಿ ಚಾವಡಿಯಲ್ಲಿ ಅಪ್ಪನ ತೊಡೆಯ ಮೇಲೆ ಕೂರಿಸಿ, ಮಳೆ ನೋಡುತ್ತಾ, ಮೆಲ್ಲಗೆ ಬೆನ್ನು ತಟ್ಟಿದರು. ಎತ್ತಿಕೊಂಡು ನಡೆಯಲಿಲ್ಲ. ಅತ್ತ, ಮಲಗಿದ. ಮೂರನೆಯ ರಾತ್ರಿ ಹಾಸಿಗೆಯಲ್ಲಿ, ಪಕ್ಕದಲ್ಲಿ ಅಮ್ಮ, ಬೆನ್ನ ಮೇಲೆ ಕೈ. ಅವತ್ತು ನಡೆದದ್ದು ಮಹಾಯುದ್ಧ. ಐವತ್ತು ನಿಮಿಷ. ಸ್ಕೂಟರಿನ ಕೀ ತಂದು ಅಪ್ಪನ ಕೈಗೆ ಕೊಟ್ಟನಂತೆ, ಹೆಲ್ಮೆಟ್ ಎಳೆದು ತಂದನಂತೆ. ಅಜ್ಜಿ ಕಣ್ಣೀರು ಹಾಕಿದರು. "ಒಂದು ರೌಂಡ್ ಹೋಗಿ ಬಾ ಮಗಾ, ಮಳೆ ನಿಂತಿದೆ."

ಹೋಗಲಿಲ್ಲ. ಇಲ್ಲಿಯೇ ಹೆಚ್ಚಿನ ಮನೆಗಳು ಸೋಲುವುದು. ಇಷ್ಟು ದಿನ ಸಿಗುತ್ತಿದ್ದದ್ದು ನಿಂತಾಗ ಮಗು ಬಿಟ್ಟುಕೊಡುವ ಮುಂಚೆ ಒಮ್ಮೆ ಜೋರು ಮಾಡಿ ನೋಡುತ್ತದೆ. ಮೂರನೆಯ, ನಾಲ್ಕನೆಯ ರಾತ್ರಿ ಮೊದಲಿಗಿಂತ ಕೆಟ್ಟದಾಗುವುದು ಸಾಮಾನ್ಯ. ಆ ತುದಿಯಲ್ಲಿ ಸೋತು ಕೀ ತಿರುಗಿಸಿದರೆ ಮಗು ಕಲಿಯುವ ಪಾಠ ಒಂದೇ, ಐವತ್ತು ನಿಮಿಷ ಅತ್ತರೆ ಸಿಗುತ್ತದೆ. ಗಾಳ ಹಾಕುವವರನ್ನು ನೋಡಿ. ಒಮ್ಮೆ ಮೂರು ಗಂಟೆ ಕಾದು ದೊಡ್ಡ ಮೀನು ಸಿಕ್ಕಿದರೆ ಮುಂದೆ ಎಷ್ಟು ದಿನ ಖಾಲಿ ಕೈಯಲ್ಲಿ ಬಂದರೂ ಮೂರು ಗಂಟೆ ಕಾಯುವುದನ್ನು ಬಿಡುವುದಿಲ್ಲ. ಕೆಲವೊಮ್ಮೆ ಸಿಗುವುದು, ಕೆಲವೊಮ್ಮೆ ಸಿಗದಿರುವುದು ಯಾವಾಗಲೂ ಸಿಗುವುದಕ್ಕಿಂತ ಗಟ್ಟಿ ಚಟ. ಹಾಗಾಗಿ ಶುರು ಮಾಡುವ ಮುಂಚೆ ಅಜ್ಜ, ಅಜ್ಜಿ ಸೇರಿ ಮನೆಯವರೆಲ್ಲ ಒಂದು ಮಾತಿಗೆ ಬರಬೇಕು. ಒಬ್ಬರು ಒಪ್ಪದಿದ್ದರೂ ಶುರು ಮಾಡದಿರುವುದೇ ಮೇಲು.

ಐದನೆಯ ರಾತ್ರಿ ಇಪ್ಪತ್ತು ನಿಮಿಷ. ಎಂಟನೆಯ ರಾತ್ರಿ ತಟ್ಟುವುದನ್ನು ನಿಲ್ಲಿಸಿ ಕೈ ಮಾತ್ರ ಇಟ್ಟರು. ಆಮೇಲೆ ಕೈಯ ಬದಲು ಅಜ್ಜಿಯ ಹಳೆಯ ಹತ್ತಿ ಸೀರೆಯ ತುಂಡು. ಹನ್ನೊಂದನೆಯ ರಾತ್ರಿ ಒಂದೂವರೆಗೆ ಹುಡುಗ ಎದ್ದು ಕೂತ. ಅಮ್ಮ ಕತ್ತಲಲ್ಲಿ ನೋಡುತ್ತಾ ಮಲಗಿದ್ದರು. ಅತ್ತಿತ್ತ ನೋಡಿದ, ಸೀರೆ ಹುಡುಕಿಕೊಂಡ, ಬಿದ್ದುಕೊಂಡ. ಅವರಿಗೆ ಆ ರಾತ್ರಿ ನಿದ್ದೆಯೇ ಬರಲಿಲ್ಲವಂತೆ, ಖುಷಿಗೆ.

ಎಲ್ಲರಿಗೂ ಹನ್ನೊಂದೇ ರಾತ್ರಿ ಅಂತಿಲ್ಲ. ಕೆಲವರಿಗೆ ನಾಲ್ಕು, ಕೆಲವರಿಗೆ ಒಂದು ತಿಂಗಳು. ನಡುವೆ ಜ್ವರ ಬಂದರೆ ಎಲ್ಲ ಬಿಟ್ಟು ಮಗುವನ್ನು ಎತ್ತಿಕೊಳ್ಳಬೇಕು. ಜ್ವರ ಹೋದ ಮೇಲೆ ಮತ್ತೆ ಶುರು.

ಅತ್ತರೆ ಮನಸ್ಸಿಗೆ ಪೆಟ್ಟಾಗುವುದಿಲ್ಲವೇ?

ಅಜ್ಜಿಯ ಪ್ರಶ್ನೆ ಇದು, ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ನಿದ್ದೆಯ ತೊಂದರೆಯಿದ್ದ 326 ಮಕ್ಕಳನ್ನು ಏಳು ತಿಂಗಳ ವಯಸ್ಸಿನಲ್ಲಿ ಎರಡು ಗುಂಪು ಮಾಡಿದರು. ಒಂದು ಗುಂಪಿನ ತಾಯಂದಿರಿಗೆ ಎರಡು ದಾರಿ ಹೇಳಿಕೊಟ್ಟರು: ಮಗು ಅತ್ತಾಗ ಪ್ರತಿ ಸಲ ಇನ್ನಷ್ಟು ಹೊತ್ತು ಬಿಟ್ಟು ಬಂದು ಸಮಾಧಾನ ಮಾಡುವುದು, ಇಲ್ಲವೇ ಪಕ್ಕದಲ್ಲೇ ಕೂತು ದಿನದಿನಕ್ಕೆ ದೂರ ಸರಿಯುವುದು. ಮಕ್ಕಳಿಗೆ ಎರಡು ವರ್ಷವಾದಾಗ ಖಿನ್ನತೆಯ ಲಕ್ಷಣವಿದ್ದ ತಾಯಂದಿರು, ಈ ದಾರಿ ಕಲಿತ ಗುಂಪಿನಲ್ಲಿ ನೂರಕ್ಕೆ 15, ಇನ್ನೊಂದರಲ್ಲಿ 26. ಆರು ವರ್ಷವಾದಾಗ ಮತ್ತೆ ನೋಡಿದರು, ಅದು ಪ್ರಕಟವಾದದ್ದು 2012ರಲ್ಲಿ. ಮಕ್ಕಳ ಮನಸ್ಸು, ನಡವಳಿಕೆ, ತಾಯಿಯ ಜೊತೆಗಿನ ನಂಟು, ಯಾವುದರಲ್ಲೂ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ.

ವ್ಯತ್ಯಾಸ ಇಲ್ಲ ಅನ್ನುವುದಕ್ಕೆ ಎರಡು ಮುಖ. ಕೆಡುಕಾಗಲಿಲ್ಲ. ಆರು ವರ್ಷದ ಹೊತ್ತಿಗೆ ಒಳಿತೂ ಉಳಿದಿರಲಿಲ್ಲ. ಏನೂ ಮಾಡದ ಮಕ್ಕಳೂ ಅಷ್ಟರಲ್ಲಿ ಮಲಗಲು ಕಲಿತಿದ್ದರು. ಇದನ್ನು ಓದಿದಾಗ ನನಗೆ ಅನ್ನಿಸಿದ್ದು, ಈ ಉಪಾಯಗಳಿರುವುದು ಮಗುವಿನ ಭವಿಷ್ಯಕ್ಕಲ್ಲ, ಈಗಿನ ತಾಯಿಗೆ. ಅದೇನು ಸಣ್ಣ ಲಾಭವೇ? ಬೆಳಿಗ್ಗೆ ಎದ್ದು ತಿಂಡಿ, ಮಧ್ಯಾಹ್ನದ ಬುತ್ತಿ ಮಾಡಿ ಬ್ಯಾಂಕಿಗೋ ಶಾಲೆಗೋ ಓಡುವ ಹೆಣ್ಣುಮಗಳನ್ನು ಕೇಳಿ. ಆರು ತಿಂಗಳೊಳಗಿನ ಕೂಸಿನ ಮೇಲೆ ಮಾತ್ರ ಇದನ್ನು ಪ್ರಯೋಗಿಸಬಾರದು. ಅದು ರಾತ್ರಿ ಏಳುವುದು ಹಸಿವಿಗೆ.

ಅಳು ಸಹಿಸಲಾಗದವರು ಅಳಿಸಬೇಕಾಗಿಲ್ಲ. 2006ರಲ್ಲಿ ತಜ್ಞರ ತಂಡವೊಂದು ಇಂಥ 52 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಹತ್ತರಲ್ಲಿ ಎಂಟು ಮಕ್ಕಳಿಗೆ ಗುಣ ಕಂಡಿತ್ತು, ದಾರಿ ಮಾತ್ರ ಬೇರೆ ಬೇರೆ. ಪಕ್ಕದಲ್ಲೇ ಇದ್ದು ನಿಧಾನಕ್ಕೆ ಹೋಗುವವರಿಗೂ ದಡ ಸಿಗುತ್ತದೆ, ಕೆಲವು ದಿನ ಜಾಸ್ತಿ ಬೇಕು.

ಅಭ್ಯಾಸದ ತೊಂದರೆ ಅಲ್ಲದಿದ್ದರೆ

ನಿದ್ದೆಯಲ್ಲಿ ದಿನವೂ ಗೊರಕೆ ಹೊಡೆಯುವ, ಬಾಯಿ ತೆರೆದು ಉಸಿರಾಡುವ, ನಡುವೆ ಉಸಿರು ನಿಂತ ಹಾಗೆ ಮಾಡುವ ಮಗುವಿಗೆ ಯಾವ ಲಾಲಿಯೂ ಸಾಲದು. ಮೂಗಿನ ಹಿಂಬದಿಯಲ್ಲಿರುವ ಅಡಿನಾಯ್ಡ್ ಅನ್ನುವ ಅಂಗಾಂಶ ಊದಿರಬಹುದು, ಕಿವಿ ಮೂಗು ಗಂಟಲಿನ ಡಾಕ್ಟರು ನೋಡಬೇಕು. ರಾತ್ರಿ ಕಾಲು ಒದ್ದಾಡಿಸುತ್ತಾ ಸುಮ್ಮನೆ ಮಲಗಲಾಗದ ಮಗುವಿಗೆ ಕಬ್ಬಿಣದ ಕೊರತೆ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ. ಹಾಗಾಗಿ ಇದನ್ನು ಮೊದಲೇ ನೋಡುವುದು ಒಳ್ಳೆಯದು. ಮಲಗಿದ ಸ್ವಲ್ಪ ಹೊತ್ತಿಗೆ ಕುಂಡೆ ತುರಿಸಿಕೊಂಡು ಅಳುವ ಮಗುವಿಗೆ ಇರುವುದು ಜಂತುಹುಳ, ದೃಷ್ಟಿಯಲ್ಲ. ಆ ಹುಳ ಮೊಟ್ಟೆ ಇಡಲು ಹೊರಬರುವುದೇ ರಾತ್ರಿ. ಫೆಬ್ರವರಿ ಮತ್ತು ಆಗಸ್ಟ್ 10ಕ್ಕೆ ಅಂಗನವಾಡಿಯಲ್ಲಿ ಕೊಡುವ ಮಾತ್ರೆಯನ್ನು ತಪ್ಪಿಸಬೇಡಿ.

ನಿದ್ದೆಹೋದ ಒಂದೆರಡು ಗಂಟೆಯಲ್ಲಿ ಕಿರುಚಿ ಎದ್ದು, ಕಣ್ಣು ತೆರೆದಿದ್ದರೂ ಅಮ್ಮನ ಗುರುತು ಹಿಡಿಯದೆ, ಬೆಳಿಗ್ಗೆ ಏನೂ ನೆನಪಿಲ್ಲದಿದ್ದರೆ ಅದು ರಾತ್ರಿಭೀತಿ. ನೋಡುವವರಿಗೆ ಜೀವ ಹೋಗುತ್ತದೆ, ಮಗುವಿಗೆ ಏನೂ ಆಗುವುದಿಲ್ಲ. ಅಲುಗಾಡಿಸಿ ಎಬ್ಬಿಸಬಾರದು, ಬೀಳದ ಹಾಗೆ ನೋಡಿಕೊಂಡರೆ ಸಾಕು. ಕೆಟ್ಟ ಕನಸು ಬರುವುದು ಬೆಳಗಿನ ಜಾವದ ಕಡೆ, ಅದು ನೆನಪಿರುತ್ತದೆ, ಆಗ ಅಪ್ಪಿಕೊಳ್ಳಬೇಕು. ಹಗಲು ಗುಮ್ಮ ಬರ್ತಾನೆ ಅಂತ ಹೆದರಿಸಿ ಊಟ ಮಾಡಿಸಿದವರು ರಾತ್ರಿ ಅದರ ಬಡ್ಡಿ ಕಟ್ಟುತ್ತಾರೆ. ಮೈ ಸೆಟೆದುಕೊಂಡು ಒಂದೇ ಥರ ಪದೇಪದೇ ಅದುರಿದರೆ ಮೊಬೈಲಿನಲ್ಲಿ ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸಿ. ಹೇಳುವುದಕ್ಕಿಂತ ತೋರಿಸುವುದು ಅವರಿಗೆ ಸುಲಭ.

ಶೀತದ ಸಿರಪ್ಪಿನ ಮಾತು ಬಾಕಿ ಇತ್ತು. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿಸಿದ ಶೀತದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಬಾಟಲಿಯ ಮೇಲೆ ಬರೆಯಬೇಕೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚಿಸಿದರು. ಶೀತಕ್ಕೇ ಬೇಡ ಅಂದದ್ದನ್ನು ನಿದ್ದೆಗೆ ಕೊಡುವುದು ಹೇಗೆ? ಪಕ್ಕದ ಮನೆಯವರು ಆ ಬಾಟಲಿಯನ್ನು ತೆರೆಯಲಿಲ್ಲ, ಪುಣ್ಯ.

ಅಷ್ಟಮಿಗೆ ಹುಡುಗನಿಗೆ ಮುದ್ದುಕೃಷ್ಣನ ವೇಷ ಹಾಕಿದರು. ಮರುದಿನ ಮೊಸರುಕುಡಿಕೆಯ ಹಬ್ಬ ವಿಟ್ಲಪಿಂಡಿಯ ಗದ್ದಲ, ನೆಂಟರು, ಹುಲಿವೇಷದ ತಾಸೆಯ ಸದ್ದು. ಎರಡು ರಾತ್ರಿ ಹನ್ನೊಂದೂವರೆಯಾಯಿತು. ಮೂರನೆಯ ದಿನ ಬೆಳಿಗ್ಗೆ ಆರೂಮುಕ್ಕಾಲಿಗೇ ಎಬ್ಬಿಸಿದರು. ಕಣ್ಣು ಉಜ್ಜಿಕೊಂಡು ಸಿಟ್ಔಟಿಗೆ ಬಂದವನ ಹೆಗಲ ಮೇಲೆ ಸೀರೆಯ ತುಂಡು ನೇತಾಡುತ್ತಿತ್ತು. ಕೆಳಗೆ ಸ್ಕೂಟರಿನ ಸೀಟಿನ ಮೇಲೆ ಬೆಕ್ಕು ಮಲಗಿತ್ತು. "ಶ್!" ಅಂದ ನನಗೆ, ಬೆರಳು ತುಟಿಗಿಟ್ಟು.